ತೋಪಿನ ಬೀದಿಯ ಹದಿನೇಳು ಹಾಜರಿ

ಅವತ್ತು ಮಂಗಳವಾರ. ಮೊಟ್ಟೆ ಕೊಡೋ ದಿನ.

ಗುಬ್ಬಿಯ ರೈಲ್ವೆ ಗೇಟಿನ ಈಚೆಗಿರುವ ತೋಪಿನ ಬೀದಿಯ ಅಂಗನವಾಡಿಯಲ್ಲಿ ಗಂಗಲಕ್ಷ್ಮಮ್ಮ ಹದಿನೇಳು ಮೊಟ್ಟೆ ಬೇಯಿಸಿ ಇಳಿಸಿದಳು. ಸೆರಗಲ್ಲಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನೋಡಿದಳು. ಗಂಟೆ ಹತ್ತಾಗಿತ್ತು. ಮಕ್ಕಳೂ ಇಲ್ಲ, ಮಕ್ಕಳನ್ನು ಕರೆತರೋಕೆ ಎಂಟಕ್ಕೇ ಹೋದ ಗಂಡನೂ ಇಲ್ಲ.

ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರೋದು ಅಂಗನವಾಡಿ ಸಹಾಯಕಿಯ ಕೆಲಸ. ಅಂದರೆ ಗಂಗಲಕ್ಷ್ಮಮ್ಮನದು. ಅವಳ ಮೊಣಕಾಲು ಎರಡೂ ಆರು ವರ್ಷದ ಹಿಂದೆ ಕೈಕೊಟ್ಟವು. ಅದೇ ಸುಮಾರಿಗೆ ಗಂಡ ಚಿಕ್ಕಹನುಮಯ್ಯನ ಭುಜವೂ ಹೋಯಿತು. ಅವನು ನಲವತ್ತು ವರ್ಷ ತೆಂಗಿನಕಾಯಿ ಸುಲಿದವನು. ಭುಜ ಹೋದ ಮೇಲೆ ಜಗಲಿ ಮೇಲೆ ಕೂತ. "ಕೂತು ತಿನ್ನೋ ಬದ್ಲು ಹೋಗಿ ಆ ಮಕ್ಕಳ್ನಾದ್ರೂ ಕರ್ಕೊಂಡು ಬಾ" ಅಂತ ಅವಳೇ ಒಂದು ದಿನ ಅಟ್ಟಿದಳು. ಆವತ್ತಿಂದ ಆ ಕೇಂದ್ರದ ಹಾಜರಿ ನಿಂತಿದ್ದು ಅವನ ಕಾಲ ಮೇಲೆ. ಸರ್ಕಾರಕ್ಕೆ ಅವನು ಗೊತ್ತಿರಲಿಲ್ಲ. ಯಾವ ಪುಸ್ತಕದಲ್ಲೂ ಅವನ ಹೆಸರಿರಲಿಲ್ಲ. 'ಉತ್ತಮ ಕೇಂದ್ರ' ಅಂತ ಒಂದು ಹಾಳೆ ಮಾತ್ರ ಗೋಡೆ ಮೇಲಿತ್ತು. ಅದರ ಕೆಳಗೆ ಟೀಚರ್ ಕೋಮಲಾ ನಿಂತು ಫೋಟೋ ತೆಗೆಸಿಕೊಂಡಿದ್ದಳು.

ಹತ್ತೂಕಾಲಿಗೆ ಬಂದ. ಹಿಂದೆ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಹದಿನೇಳು ಮಕ್ಕಳ ರೈಲು. ಕೊನೆಯವನು ಗಾರ್ಡು, ಕೈಯಲ್ಲಿ ಹೊಂಗೆ ಎಲೆ ಅಲ್ಲಾಡಿಸ್ತಾ ಇದ್ದ.

"ಏನ್ ಕಡಿದು ಕಟ್ಟೆ ಹಾಕ್ತಿದ್ದೆ ಇಷ್ಟೊತ್ತು?" ಅಂದಳು ಗಂಗಲಕ್ಷ್ಮಮ್ಮ. "ಹನ್ನೆರಡು ಮನೆಗೆ ಎರಡು ಗಂಟೆ! ಒಂದೊಂದು ಮನೆ ಹೊಸ್ಲಲ್ಲೂ ಕೂತ್ಕೊಂಡು ಎಲೆ ಅಡಿಕೆ ಜಗೀತೀಯಾ ತಾನೆ?"

"ಹೂಂ ಕಣೆ."

"ಮನೆಗೆ ಮಾರಿ, ಊರಿಗೆ ಉಪಕಾರಿ. ಮನೇಲಿ ಉಂಡ ತಟ್ಟೆ ಎತ್ತಿಡಲ್ಲ, ಬೀದೀಲಿ ದರ್ಬಾರು."

"ಆಯ್ತು ಬುಡೆ ಗಂಗಿ. ಮೊಟ್ಟೆ ಆರೋಯ್ತದೆ, ಕೊಡು."

ಸಂಜೆ ಹುರುಳಿಕಾಳು ಸಾರು ಮಾಡಿದ್ದಳು. ಎರಡು ಮುದ್ದೆ ತಿಂದ. ಉಪ್ಪು ಕಮ್ಮಿ ಅಂದ. ಹಾಕ್ಕೊ ಅಂದಳು. ಹಾಕ್ಕೊಂಡ. ಮಲಗಿದ. ಆ ದಿನದಲ್ಲಿ ಹೇಳಿಕೊಳ್ಳುವಂಥದ್ದು ಇಷ್ಟೇ.

ಬುಧವಾರ ಬೆಳಗ್ಗೆ ಮುಖ ತೊಳೆಯೋಕೆ ಬಚ್ಚಲಲ್ಲಿ ಕೂತವನು ಏಳಲಿಲ್ಲ. ತುಮಕೂರಿನ ಆಸ್ಪತ್ರೆಗೆ ಹೋಗೋ ಅರ್ಧ ದಾರಿಯಲ್ಲೇ ಮುಗಿದಿತ್ತು. ಪಕ್ಕದ ಮನೆಯವರ ಕಾರು, ಓಡಿಸ್ತಿದ್ದವನು ಮಗ ಚಂದ್ರು. ಅವನಿಗೂ ಗೊತ್ತಾಗಿತ್ತು. ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನಿಜ ಆಗಿಬಿಡ್ತದೆ ಅಂತ ಆಸ್ಪತ್ರೆ ಬಾಗಿಲ ತನಕ ಓಡಿಸಿದ.

ಸಾವಿನ ಮನೆಗೆ ಬಂದವರದೆಲ್ಲ ಒಂದೇ ಮಾತು. "ಪುಣ್ಯಾತ್ಮ, ನರಳಲಿಲ್ಲ." ಹೋದವರು ನರಳದೆ ಹೋದರೆ ಇದ್ದವರಿಗೆ ನೋವಾಗಲ್ಲ ಅಂತ ಇವರಿಗೆ ಯಾರು ಹೇಳಿಕೊಟ್ಟರೋ.

ಹನ್ನೊಂದನೇ ದಿನದ ಕಾರ್ಯ ಆಯಿತು. ಗಂಗಲಕ್ಷ್ಮಮ್ಮ ಹದಿನಾಲ್ಕನೇ ದಿನ ಕೆಲಸಕ್ಕೆ ಹೋದಳು. "ಇಷ್ಟು ಬೇಗನಾ?" ಅಂತ ಬೀದಿಯವರು ಮೂಗಿನ ಮೇಲೆ ಬೆರಳಿಟ್ಟರು. ಮನೆಯಲ್ಲಿ ಕೂತರೆ ಬಚ್ಚಲು ಕಾಣ್ತದೆ. ಅದನ್ನು ಬೀದಿಯವರಿಗೆ ಹೇಳೋಕಾಗುತ್ತಾ?

ಅವಳು ಹುಟ್ಟಿದ್ದು ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ. ಓದಿದ್ದು ಮೂರನೇ ಕ್ಲಾಸು. ಹದಿನೇಳಕ್ಕೆ ಮದುವೆ, ಮೂವತ್ತಕ್ಕೆ ಈ ಕೆಲಸ. ಇಪ್ಪತ್ತೆಂಟು ವರ್ಷ ಒಂದೇ ಕೋಣೆ ಗುಡಿಸಿದಳು. ಈಗ ಬ್ಯಾಂಕಿನಲ್ಲಿ ಕೂತಿರೋನು, ಬಸ್ಸು ಓಡಿಸೋನು, ಮೊಬೈಲ್ ಅಂಗಡಿ ಇಟ್ಟಿರೋನು, ಎಲ್ಲರ ಮೂಗೂ ಒರೆಸಿದವಳು. ಅವರು ಅವಳನ್ನು ಕಂಡರೆ ಗಾಡಿ ನಿಲ್ಲಿಸಿ "ಆಯಮ್ಮ, ಚೆನ್ನಾಗಿದೀರಾ?" ಅಂತಾರೆ. ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಬಿಟ್ಟು ವಾಪಸ್ ಬರೋವಾಗ.

ಅವಳು ಬಾಗಿಲು ತೆಗೆದ ದಿನ ಬಂದ ಮಕ್ಕಳು ನಾಲ್ಕು.

"ಉಳಿದವೆಲ್ಲಿ?" ಅಂದಳು.

"ದಿನಾ ಇಷ್ಟೇ ಆಯಮ್ಮ. ನೀವು ಹೋದಾಗಿಂದ," ಅಂದಳು ಕೋಮಲಾ. ಅವಳಿಗೆ ತಲೆ ಎತ್ತೋಕೂ ಪುರುಸೊತ್ತಿರಲಿಲ್ಲ. ಮಕ್ಕಳ ಮುಖ ಫೋನಿಗೆ ತೋರಿಸಬೇಕಿತ್ತು. ಕಣ್ಣು ಮಿಟುಕಿಸು ಅಂತ ಫೋನು ಹೇಳ್ತಿತ್ತು. ಮಗು ಮಿಟುಕಿಸಿದಾಗ ಫೋನು ನೋಡ್ತಿರಲಿಲ್ಲ, ಫೋನು ನೋಡಿದಾಗ ಮಗು ಮಿಟುಕಿಸ್ತಿರಲಿಲ್ಲ. ನಾಲ್ಕು ಮಕ್ಕಳ ಹಾಜರಿ ಹಾಕೋ ಹೊತ್ತಿಗೆ ಹನ್ನೊಂದೂವರೆ ಆಯಿತು. ಪಾಠ? ಅದಕ್ಕೆ ಫೋನಿನಲ್ಲಿ ಜಾಗ ಇದ್ದ ಹಾಗಿರಲಿಲ್ಲ.

ಮಕ್ಕಳನ್ನು ಎಲ್ಲಿಗೆ ಹಾಕಬೇಕು ಅನ್ನೋದಕ್ಕೆ ಗುಬ್ಬಿಯಲ್ಲಿ ಈಗ ಬೇಕಾದಷ್ಟು ದಾರಿ. ಒಂದು ಸರ್ಕಾರಿ ಶಾಲೆಯ ಎಲ್‌ಕೆಜಿ. ಬೋರ್ಡು ಬಂದಿತ್ತು, ಮೇಷ್ಟ್ರು ಇನ್ನೂ ಬರಬೇಕಿತ್ತು. ಇನ್ನೊಂದು ಅನಂತರಾಜು ಕಾನ್ವೆಂಟು. ಅನಂತರಾಜು ಮೊದಲು ಗೊಬ್ಬರದ ಅಂಗಡಿ ಇಟ್ಟಿದ್ದ. ಅದೇ ಗೋಡೌನಿಗೆ ಗುಲಾಬಿ ಬಣ್ಣ ಹೊಡೆಸಿ ಬೆಂಚು ಹಾಕಿಸಿದ. ಹೆಸರು ಇಂಗ್ಲಿಷಿನಲ್ಲಿದೆ, ಬರೆದ ಪೇಂಟರಿಗೂ ಓದೋಕೆ ಬರಲ್ಲ. ಮಳೆ ಬಂದ ದಿನ ಗೋಡೆಯಿಂದ ಯೂರಿಯಾ ವಾಸನೆ ಬರ್ತದೆ. ಆದರೂ ಟೈ ಇದೆ, ಬೆಲ್ಟಿದೆ, ಹಳದಿ ವ್ಯಾನು ಬಾಗಿಲಿಗೇ ಬರ್ತದೆ. ಚಿಕ್ಕಹನುಮಯ್ಯ ಬರೋದು ನಿಂತ ಮೂರನೇ ದಿನಕ್ಕೇ ಆ ವ್ಯಾನು ತೋಪಿನ ಬೀದಿಗೆ ತಿರುಗಿತ್ತು. ನಾಲ್ಕು ಮಕ್ಕಳು ಹತ್ತಿಕೊಂಡವು. ನಾಲ್ಕು ಅಂಗನವಾಡಿಗೆ ಬರ್ತಿದ್ದವು, ಉಳಿದ ಒಂಬತ್ತು ಎಲ್ಲಿಗೂ ಹೋಗದೆ ಮನೆಯಲ್ಲೇ ಇದ್ದವು.

ಮೂರನೇ ದಾರಿ ಈ ಅಂಗನವಾಡಿ. ಬಂದರೆ ಮಕ್ಕಳು, ಬರದಿದ್ದರೆ ಹೆಸರು. ಪುಸ್ತಕದಲ್ಲಿ ಇಪ್ಪತ್ತನಾಲ್ಕು ಹೆಸರಿದ್ದವು. ಮಗು ಕಾನ್ವೆಂಟಿಗೆ, ಹೆಸರು ಅಂಗನವಾಡಿಗೆ, ಇದು ಇಲ್ಲಿನ ಪದ್ಧತಿ. ಇಂಗ್ಲಿಷು ಅಲ್ಲಿಂದ, ಮೊಟ್ಟೆ ಬೆಲ್ಲ ಇಲ್ಲಿಂದ. ಬೇರೆಯವರನ್ನು ದೂರೋದು ಯಾಕೆ, ಗಂಗಲಕ್ಷ್ಮಮ್ಮನ ಸ್ವಂತ ಮೊಮ್ಮಗಳು ಇಂಪನಾ ಹೋಗ್ತಿದ್ದದ್ದೂ ಕಾನ್ವೆಂಟಿಗೇ, ಹೆಸರಿದ್ದದ್ದು ಇದೇ ಪುಸ್ತಕದಲ್ಲಿ. ಸೊಸೆ ಪ್ರಮೀಳಾ ಪಿಯುಸಿ ಓದಿದವಳು. "ಆಯಮ್ಮನ ಮೊಮ್ಮಗಳು ಅಂಗನವಾಡೀಲೇ ಬೆಳೀಬೇಕಾ?" ಅಂದಿದ್ದಳು.

ತಿಂಗಳ ಕೊನೆಗೆ ಸೂಪರ್‌ವೈಸರ್ ಮೇಡಂ ಬಂದರು. ನಾಲ್ಕು ಮಕ್ಕಳನ್ನು ಎರಡು ಸಲ ಎಣಿಸಿದರು.

"ಮುಂದಿನ ಸಲ ಬಂದಾಗ ಹತ್ತು ಮಕ್ಕಳಿಲ್ಲ ಅಂದ್ರೆ ಗೇಟಿನಾಚೆ ಕೇಂದ್ರಕ್ಕೆ ಸೇರಿಸ್ಬೇಕಾಗುತ್ತೆ. ನಂಗೇನು ಮುಚ್ಚೋದು ಹಬ್ಬನಾ? ಹತ್ತೊಂಬತ್ತು ಕೇಂದ್ರ ನನ್ನ ತಲೆ ಮೇಲಿದೆ."

ಗಂಗಲಕ್ಷ್ಮಮ್ಮನಿಗೆ ಆ ಕೋಣೆ ಬಿಟ್ಟರೆ ಹೋಗೋ ಜಾಗ ಇರಲಿಲ್ಲ. ಗೇಟಿನಾಚೆಗೆ ಅವಳ ಮೊಣಕಾಲು ನಡೆಯಲ್ಲ. ಮನೆಯಲ್ಲಿ ಕೂತರೆ ಅದೇ ಬಚ್ಚಲು. ಹತ್ತು ಮಕ್ಕಳು ಬೇಕು. ಅಷ್ಟೇ ಅವಳ ತಲೆಯಲ್ಲಿ.

ಕೋಮಲಾ ಉಪಾಯ ಹೇಳಿದಳು. "ಅನಂತರಾಜು ಸಾರ್ ಹತ್ರ ಎಂಟು ಮಕ್ಕಳ್ನ ಒಂದು ಗಂಟೆಗೆ ಕೇಳಾಣ. ಅವರ ಪರ್ಮಿಷನ್‌ಗೆ ಆಫೀಸರ್ ಬಂದಾಗ ಬೆಂಚು ತುಂಬ್ಸೋಕೆ ನಮ್ಮ ಹತ್ತು ಮಕ್ಕಳ್ನ ನಾನೇ ಕಳ್ಸಿದ್ದೆ. ಋಣ ಇದೆ."

ಮದುವೆ ಮನೆಗೆ ಹಂಡೆ ಕೊಳಗ ಕೊಟ್ಟು ತಗೊಳ್ಳೋ ಹಾಗೆ ಮಕ್ಕಳನ್ನು ಕೊಟ್ಟು ತಗೊಳ್ತಾರೆ ಅಂತ ಗಂಗಲಕ್ಷ್ಮಮ್ಮನಿಗೆ ಅವತ್ತು ಗೊತ್ತಾಯಿತು. ಗೊತ್ತಾದ ಮೇಲೆ ಬೇಡ ಅಂದಳಾ? ಇಲ್ಲ. ಅನ್ನಲಿಲ್ಲ. ಮೇಡಂ ಬರೋ ದಿನ ತಾನೇ ಬಾಗಿಲಲ್ಲಿ ನಿಂತು, ವ್ಯಾನಿಂದ ಇಳಿದ ಎಂಟು ಮಕ್ಕಳ ಟೈ ಬೆಲ್ಟು ಬಿಚ್ಚಿ ಬೇಳೆ ಡಬ್ಬಿಯೊಳಗೆ ತುರುಕಿದಳು. ಎಂಟರಲ್ಲಿ ಒಬ್ಬಳು ಇಂಪನಾ.

ಟೈ ಬಿಚ್ಚೋ ಗಡಿಬಿಡಿಯಲ್ಲಿ ಕಾಲು ನೋಡೋದು ಮರೆತಳು. ಮೇಡಂ ಮೊದಲು ನೋಡಿದ್ದೇ ಅದನ್ನು. ಹೊಸ್ತಿಲಾಚೆ ನಾಲ್ಕು ಜೊತೆ ಹವಾಯಿ ಚಪ್ಪಲಿ, ಎಂಟು ಜೊತೆ ಪಾಲಿಶ್ ಹಾಕಿದ ಕರೀ ಶೂ.

ಮೇಡಂ ಒಳಗೆ ಬಂದು ಇಂಪನಾಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಪುಟ್ಟಿ, ಇವರು ಯಾರು?" ಅಂತ ಗಂಗಲಕ್ಷ್ಮಮ್ಮನ ಕಡೆ ಕೈ ತೋರಿಸಿದರು.

"ನಮ್ಮಜ್ಜಿ."

"ಓ! ದಿನಾ ಅಜ್ಜಿ ಜೊತೆ ಇಲ್ಲಿಗೆ ಬರ್ತೀಯಾ?"

"ಇಲ್ಲ ಮಿಸ್. ಇದು ಬಡವರ ಸ್ಕೂಲು. ಇಲ್ಲಿಗೆ ಬಂದ್ರೆ ಹೇನು ಹತ್ತುತ್ತೆ ಅಂತ ಅಮ್ಮ ಅಂತಾಳೆ."

ನಾಲ್ಕು ವರ್ಷದ ಮಗು. ಸುಳ್ಳು ಹೇಳೋದನ್ನು ಯಾವ ಶಾಲೆಯವರೂ ಇನ್ನೂ ಕಲಿಸಿರಲಿಲ್ಲ.

ಕೋಮಲಾಳ ಮುಖ ಕಪ್ಪಿಟ್ಟಿತು. ಮೇಡಂ ಪೆನ್ನು ತೆಗೆದರು, ಮುಚ್ಚಿದರು. "ಆಯಮ್ಮ, ನಿಮ್ಮನೆ ಮಗೂನೇ ನೀವು ಇಲ್ಲಿಗೆ ಕಳ್ಸಲ್ಲ. ಬೇರೆಯವರು ಯಾಕೆ ಕಳಿಸ್ತಾರೆ ಹೇಳಿ? ನಿಮ್ಮನೇಲಿ ಸಾವಾಗಿದೆ ಅಂತ ಇದನ್ನ ಬರೀತಿಲ್ಲ. ಹದಿನೈದು ದಿನ ಬಿಟ್ಟು ಬರ್ತೀನಿ. ಶೂ ಹಾಕಿರೋ ಮಕ್ಕಳು ಬೇಡ."

ಸಂಜೆ ಮನೆಯಲ್ಲಿ ಜಗಳ.

"ಅತ್ತೆ, ನಾನೇನು ಇಲ್ದಿದ್ದು ಹೇಳಿದ್ನಾ? ಅಲ್ಲಿಗೆ ಬರೋರು ಎಂಥೆಂಥೋರು ಅಂತ ನಿಮ್ಗೇ ಗೊತ್ತು," ಅಂದಳು ಪ್ರಮೀಳಾ.

"ಗೊತ್ತು ಕಣಮ್ಮ. ನಿನ್ನ ಗಂಡನೂ ಅದೇ ಕೋಣೇಲಿ ಉಚ್ಚೆ ಹುಯ್ಕೊಂಡು ಬೆಳೆದೋನು. ಅವನ ತಲೇಲಿದ್ದ ಹೇನು ನಾನೇ ಕುಕ್ಕಿದ್ದು."

ಚಂದ್ರು ಟಿವಿ ಸೌಂಡು ಜಾಸ್ತಿ ಮಾಡಿದ. ಅಪ್ಪ ಇದ್ದಿದ್ದರೂ ಅದನ್ನೇ ಮಾಡ್ತಿದ್ದ.

ಮಾರನೇ ದಿನ ಎಂಟು ಗಂಟೆಗೆ ಗಂಗಲಕ್ಷ್ಮಮ್ಮ ಮೊಣಕಾಲಿಗೆ ಬಟ್ಟೆ ಬಿಗಿದು ಬೀದಿಗಿಳಿದಳು. ಮಕ್ಕಳು ಬರೋದು ಮೊಟ್ಟೆಗೆ ಅಂತ ಅವಳ ಲೆಕ್ಕ. ಇಲಾಖೆಯ ಲೆಕ್ಕವೂ ಅದೇ. ಮೊಟ್ಟೆ ಕೊಟ್ಟಿದ್ದರಿಂದ ಹಾಜರಿ ಏರಿತು ಅಂತ ಅವರು ಮೀಟಿಂಗಿನಲ್ಲಿ ಓದಿ ಚಪ್ಪಾಳೆ ತಟ್ಟಿಸಿಕೊಂಡಿದ್ದರು. ಅವಳು ಬೀದಿ ಮಧ್ಯ ನಿಂತು ಕೂಗಿದಳು.

"ಮೊಟ್ಟೆ ಕಣ್ರೋ! ಇವತ್ತು ಮೊಟ್ಟೆ! ಬನ್ರೋ!"

ಒಂದು ನಾಯಿ ಬಂತು. ಇನ್ಯಾರೂ ಬರಲಿಲ್ಲ.

ಬೀದಿಯ ಮೊದಲ ಮನೆ ಬೀರಯ್ಯನದು. ಬೀರಯ್ಯ ಚಿಕ್ಕಹನುಮಯ್ಯನ ಓರಗೆಯವನು. ಲಕ್ವ ಹೊಡೆದು ಎರಡು ವರ್ಷದಿಂದ ಮಂಚ ಹಿಡಿದಿದ್ದ. ಮೊಮ್ಮಗಳು ಕೃತಿಕಾಗೆ ನಾಲ್ಕು ವರ್ಷ. ಅವಳ ಅಪ್ಪ ಲಾರಿ ಡ್ರೈವರು. ಅಮ್ಮ ಏಳು ಗಂಟೆಗೆ ಗಾರ್ಮೆಂಟ್ಸ್ ಬಸ್ ಹತ್ತಿ ತುಮಕೂರಿಗೆ ಹೋದರೆ ಬರೋದು ಕತ್ತಲಾದ ಮೇಲೆ.

ಗಂಗಲಕ್ಷ್ಮಮ್ಮ ಬಾಗಿಲು ತಳ್ಳಿದಳು. ಬೀರಯ್ಯ ಮಂಚದಲ್ಲಿ ಒಂದು ಕಡೆಗೆ ಜಾರಿಕೊಂಡಿದ್ದ. ಕೃತಿಕಾ ಕೆದರಿದ ತಲೆಯಲ್ಲಿ, ರಾತ್ರಿಯ ಲಂಗದಲ್ಲೇ ನೆಲದ ಮೇಲೆ ಕೂತು ಖಾರದ ಪುಡಿ ಹಚ್ಚಿದ ಅನ್ನ ತಿಂತಿದ್ದಳು.

"ಯಾಕಣ್ಣ, ಮಗೀನ ಕಳಿಸ್ದೆ ಮನೇಲಿ ಕೂರಿಸ್ಕೊಂಡಿದೀಯ?" ಅಂದಳು. ಗದರೋ ದನಿಯಲ್ಲೇ ಅಂದಳು.

ಬೀರಯ್ಯನ ಬಾಯಿ ಒಂದು ಕಡೆ ಸೊಟ್ಟ. ಮಾತು ನಿಧಾನ. "ಯಾರ್ ರೆಡಿ ಮಾಡ್ತಾರಮ್ಮ? ನಿನ್ ಗಂಡ ಹೋದ ಮ್ಯಾಲೆ ಯಾರವ್ರೆ?"

"ಅವನೇನು ರೆಡಿ ಮಾಡ್ತಿದ್ದ? ಹೊಸ್ಲಲ್ಲಿ ನಿಂತು ಕೂಗ್ತಿದ್ದ."

ಬೀರಯ್ಯ ನಕ್ಕ. ಅರ್ಧ ಮುಖ ಮಾತ್ರ ನಕ್ಕಿತು. "ಹೊಸ್ಲಲ್ಲಾ! ಬತ್ತಿದ್ದಂಗೆ ನನ್ನ ಎತ್ತಿ ಕೂರಿಸೋನು. ಮಗೀಗೆ ಮಕ ತೊಳ್ಸೋನು. ಬಟ್ಟೆ ಹಾಕೋನು. ತಲೆ ಬಾಚಿ ಎರಡು ಜಡೆ ಹಾಕೋನು."

"ಯಾರು?"

"ನಿನ್ ಗಂಡ ಕಣಮ್ಮ. ಇನ್ಯಾರು?"

ಗಂಗಲಕ್ಷ್ಮಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಮೂವತ್ತೈದು ವರ್ಷಕ್ಕೂ ಮೇಲೆ ತನ್ನ ಅಂಗಿ ಗುಂಡಿ ಹೋದರೆ "ಗಂಗೀ" ಅಂತ ಕೂಗಿದ ಗಂಡಸು ಇವನು. ಕಾಯಿ ಸುಲಿದು ಸುಲಿದು ಬೆರಳೆಲ್ಲ ಮರದ ಬೇರಿನ ಹಾಗೆ ಆಗಿದ್ದವು. ಆ ಬೆರಳಲ್ಲಿ ಜಡೆಯಂತೆ!

"ನಂಗ್ಯಾಕೆ ಹೇಳ್ಲಿಲ್ಲ?"

"ಬ್ಯಾಡ ಅಂದಿದ್ದ. ಗಂಡಸು ಜಡೆ ಹಾಕ್ತಾನೆ ಅಂದ್ರೆ ಬೀದಿಯೆಲ್ಲ ನಗ್ತದೆ. ಬೀದಿ ನಗ್ಲಿ ಬುಡು, ನಮ್ಮ ಗಂಗಿ ಬಾಯಿಗೆ ಸಿಕ್ಕುದ್ರೆ ಸಾಯೋಗಂಟ ಬುಡಾಕಿಲ್ಲ ಅಂತಿದ್ದ."

ಅವಳು ಮಂಚದ ಅಂಚಿನಲ್ಲಿ ಕೂತಳು. ಅವನು ಹೇಳಿದ್ದು ನಿಜ. ಗೊತ್ತಾಗಿದ್ದರೆ ಅವಳು ನಕ್ಕಿರೋಳು. ಅತ್ತಿಗೆಗೆ ಹೇಳಿ ನಕ್ಕಿರೋಳು, ಕೋಮಲಾಗೆ ಹೇಳಿ ನಕ್ಕಿರೋಳು, ಹಬ್ಬದಲ್ಲಿ ನೆಂಟರೆದುರು ಒಂದು ಸಲ, ಸಾರಿಗೆ ಉಪ್ಪು ಕಮ್ಮಿ ಅಂದಾಗೆಲ್ಲ ಒಂದೊಂದು ಸಲ.

ಅವತ್ತು ಹನ್ನೆರಡು ಮನೆಗೂ ಹೋದಳು. ಒಂದೊಂದು ಮನೆಯಲ್ಲೂ ಅವನು ಒಂದೊಂದು ಕೆಲಸ ಇಟ್ಟುಕೊಂಡಿದ್ದ. ಒಂದು ಮನೆಯ ಹುಡುಗ ಚಡ್ಡಿ ಹಾಕಿಕೊಳ್ಳೋಕೆ ಅಂಗಳ ತುಂಬ ಓಡಿಸ್ತಿದ್ದ, ಇವನು ಹಿಂದೆ ಓಡ್ತಿದ್ದ. ಇನ್ನೊಂದು ಮನೆಯ ತಾಯಿ ಹೂ ಮಾರೋಕೆ ಬಸ್ ಸ್ಟ್ಯಾಂಡಿಗೆ ಹೋಗ್ತಾಳೆ, ಬೀಗದ ಕೈ ಇವನ ಹತ್ತಿರವೇ ಇರ್ತಿತ್ತು. ಗೇಟಿನ ಹತ್ತಿರದ ಒಂದು ಮಗು ರೈಲು ಹೋಗೋ ತನಕ ಕಾಲು ಕೀಳಲ್ಲ. ರೈಲು ತಡವಾದರೆ ಇವನದೂ ತಡ. ಇಷ್ಟಕ್ಕೆಲ್ಲ ಎರಡು ಗಂಟೆ. ದಿನಾ ಬೈಸಿಕೊಳ್ಳೋಕೆ ಒಂದು ನಿಮಿಷ.

ಮಕ್ಕಳ ತಾಯಂದಿರು ಕಾನ್ವೆಂಟಿನ ಮೋಹಕ್ಕೆ ಬಿದ್ದವರು, ಇಲ್ಲಾ ಮೊಟ್ಟೆಗೆ ಆಸೆ ಬಿದ್ದವರು, ಹೀಗೆ ಎರಡೇ ಥರ ಅಂತ ಇಪ್ಪತ್ತೆಂಟು ವರ್ಷ ಅಂದುಕೊಂಡಿದ್ದಳು. ಬೆಳಗ್ಗೆ ಏಳರಿಂದ ಹತ್ತರ ತನಕ ಮಗೂನ ಹಿಡಿದುಕೊಳ್ಳೋ ಒಂದು ಕೈ ಇಲ್ಲದವರೂ ಇದ್ದಾರೆ ಅಂತ ಅವಳಿಗೂ ಹೊಳೆದಿರಲಿಲ್ಲ. ಸರ್ಕಾರದ ಮಾತು ಬಿಡಿ, ಸರ್ಕಾರ ಏಳೋದೇ ಹತ್ತಕ್ಕೆ.

ಮಾರನೇ ದಿನ ಮೂರು ಮನೆ ಮಾಡಿದಳು. ಮಂಡಿ ಊದಿತು. ಬೇವಿನೆಣ್ಣೆ ತಿಕ್ಕಿಕೊಂಡು ಆಮೇಲಿನ ದಿನ ಐದು. ಅವನ ನಡಿಗೆ ಅವಳಿಗೆ ಬರಲಿಲ್ಲ, ರೈಲು ಮಾಡೋಕೂ ಬರಲಿಲ್ಲ. ಗದರಿಸಿಯೇ ಕರೆತಂದಳು. ಮಕ್ಕಳು ಅದಕ್ಕೂ ಹೊಂದಿಕೊಂಡವು. ವ್ಯಾನು ಹತ್ತಿದ್ದ ನಾಲ್ಕರಲ್ಲಿ ಒಂದು ಮಗು ತಾನಾಗೇ ವಾಪಸ್ ಬಂತು. ಮೊದಲ ತಿಂಗಳು ಫ್ರೀ ಅಂದಿದ್ದ ಅನಂತರಾಜು ಎರಡನೇ ತಿಂಗಳು ಫೀಸಿನ ಚೀಟಿ ಮಗುವಿನ ಅಂಗಿಗೆ ಪಿನ್ ಮಾಡಿ ಕಳಿಸಿದ್ದ.

ಹದಿನೈದನೇ ದಿನ ಮೇಡಂ ಬಂದರು. ಹೊಸ್ತಿಲ ಹತ್ತಿರ ನಿಂತು ಮೊದಲು ಚಪ್ಪಲಿ ಎಣಿಸಿದರು. ಹನ್ನೊಂದು ಜೊತೆ. ಒಂದು ಮಗು ಬರಿಗಾಲು. ಒಟ್ಟು ಹನ್ನೆರಡು.

"ಇದೇನ್ ಆಯಮ್ಮ, ಮಂತ್ರ ಹಾಕಿದ್ರಾ?"

"ಜಡೆ ಹಾಕ್ದೆ ಮೇಡಮ್ಮೋರೆ."

ಮೇಡಂ ಅದನ್ನು ತಮಾಷೆ ಅಂದುಕೊಂಡು ನಕ್ಕರು. ಫೋನು ತೆಗೆದು ಕೋಮಲಾಗೆ ಕೊಟ್ಟರು. ಹಾಜರಿ ಯಾಕೆ ಏರಿತು ಅಂತ ಫೋನು ಕೇಳ್ತಿತ್ತು. ಮೊಟ್ಟೆ, ಆಟಿಕೆ, ಗೋಡೆ ಚಿತ್ರ, ಪೋಷಕರ ಸಭೆ. ನಾಲ್ಕರಲ್ಲಿ ಒಂದನ್ನು ಒತ್ತಬೇಕು.

"ಮನೆಗೆ ಹೋಗಿ ಕರ್ಕೊಂಡು ಬಂದಿದ್ದು ಎಲ್ಲಿ ಒತ್ತೋದು ಮೇಡಂ?" ಅಂದಳು ಕೋಮಲಾ.

"ಅದಕ್ಕೆ ಕಾಲಂ ಇಲ್ಲಮ್ಮ. ಗೋಡೆ ಚಿತ್ರ ಒತ್ತು, ಹೋದ್ವರ್ಷದ ದುಡ್ಡು ಅದಕ್ಕೇ ಬಂದಿದ್ದು."

ಗೋಡೆ ಮೇಲೆ ಒಂದು ಆನೆ ಇತ್ತು. ಗೋಡೆ ಸೋರಿ ಸೊಂಡಿಲು ಅಳಿಸಿಹೋಗಿತ್ತು. ಕೋಮಲಾ ಅದನ್ನು ಒತ್ತಿದಳು. ಹಾಗಾಗಿ ತೋಪಿನ ಬೀದಿಯ ಕೇಂದ್ರ ಉಳಿದದ್ದು, ಸರ್ಕಾರದ ಪ್ರಕಾರ, ಸೊಂಡಿಲಿಲ್ಲದ ಒಂದು ಆನೆಯಿಂದ.

ಇಂಪನಾ ಈಗಲೂ ಕಾನ್ವೆಂಟಿಗೇ ಹೋಗ್ತಾಳೆ. ಅವಳ ಹೆಸರನ್ನು ಅಂಗನವಾಡಿ ಪುಸ್ತಕದಿಂದ ಅಜ್ಜಿಯೇ ಹೊಡೆಸಿ ಹಾಕಿದಳು. ಮನೆಗೆ ಬರ್ತಿದ್ದ ಬೆಲ್ಲ ನಿಂತಾಗ ಪ್ರಮೀಳಾ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ಅತ್ತೆಯ ಮೊಣಕಾಲಿಗೆ ಹಾಕೋ ಪಟ್ಟಿ ತರಿಸಿಕೊಟ್ಟಳು.

ಬೀರಯ್ಯನ ಮನೆಯಲ್ಲಿ ಮೊದಲ ದಿನ ಗಂಗಲಕ್ಷ್ಮಮ್ಮ ಕೃತಿಕಾಳ ತಲೆ ನೀಟಾಗಿ ಬಾಚಿ, ಬೈತಲೆ ತೆಗೆದು, ಎರಡೂ ಜಡೆ ಸಮ ಹಾಕಿದ್ದಳು. ಕೃತಿಕಾ ಕನ್ನಡಿ ನೋಡಿ ಎರಡನ್ನೂ ಎಳೆದು ಬಿಚ್ಚಿಕೊಂಡಳು.

"ಹಿಂಗಲ್ಲ. ತಾತ ಹಾಕೋ ಥರ."

"ತಾತ ಹೆಂಗ್ ಹಾಕ್ತಿದ್ನೇ?"

ಮಗು ಎರಡೂ ಕೈ ಎತ್ತಿ ತೋರಿಸಿತು. ಒಂದು ಕೈ ಕಿವಿ ಮೇಲೆ, ಒಂದು ಕೈ ಕತ್ತಿನ ಹತ್ತಿರ.

ಈಗ ದಿನಾ ಬೆಳಗ್ಗೆ ಎಂಟಕ್ಕೆ ಗಂಗಲಕ್ಷ್ಮಮ್ಮ ಬೀರಯ್ಯನನ್ನು ಎತ್ತಿ ಕೂರಿಸಿ, ಮೊಣಕಾಲು ಚಾಚಿ ನೆಲದ ಮೇಲೆ ಕೂರ್ತಾಳೆ. ಕೃತಿಕಾಳನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಬೈತಲೆಯನ್ನು ಬೇಕಂತಲೇ ಸೊಟ್ಟ ತೆಗೆದು, ಎಡಗಡೆ ಜಡೆ ಕಿವಿಯಿಂದ ಮೇಲೆ, ಬಲಗಡೆಯದು ಕತ್ತಿನ ಹತ್ತಿರ, ಸಡಿಲವಾಗಿ ಹಾಕ್ತಾಳೆ.